ಹರೆಯದ ಒಲವು, ಗೆಳೆತನ ಮತ್ತು ಕಿರುತೆರೆಯ ವಿನೋದ

ಶಾಲೆಯ ಬೆಂಚಿನ ಮೇಲೆ ಅಕ್ಕಪಕ್ಕದಲ್ಲಿ ಕುಳಿತ ಹುಡುಗ ಹುಡುಗಿಯರ ನಡುವೆ ಮೂಡುವ ಮೊದಲ ಒಲವು ಇತಿಹಾಸಕಾರನ ಗಮನಕ್ಕೆ ಅರ್ಹವಾದ ವಿಷಯವೆಂದು ಬಹುಕಾಲ ಯಾರೂ ಎಣಿಸಿರಲಿಲ್ಲ. ರಾಜವಂಶಗಳ ಕಾಲಗಣನೆ, ಶಾಸನಗಳ ಪಾಠ, ಭಾಷಾವಾರು ಪ್ರಾಂತಗಳ ಎಲ್ಲೆ ಮುಂತಾದವುಗಳ ಮುಂದೆ ಅದು ತೀರ ಎಳಸಾದುದು. ಆದರೆ ಒಂದು ಭಾವವನ್ನು ಜನರು ಯಾವ ವಯಸ್ಸಿನಲ್ಲಿ, ಯಾರ ಕಡೆಗೆ, ಯಾವ ಮಾತಿನಲ್ಲಿ ತೋರಬಹುದೆಂಬುದೂ ಕಾಲದಿಂದ ಕಾಲಕ್ಕೆ ಬದಲಾಗತಕ್ಕದ್ದೇ, ಬದಲಾಗತಕ್ಕದ್ದೆಲ್ಲಕ್ಕೂ ಇತಿಹಾಸವುಂಟು. 1990ರ ದಶಕದಲ್ಲಿ ವಾಶಿಯಂಥ ಹೊಸ ಬಡಾವಣೆಗಳಲ್ಲಿ ಬೆಳೆದ ಕನ್ನಡ ಮಕ್ಕಳ ಕಣ್ಣಿಗೆ ಈ ಭಾವದ ಮಾದರಿ ಬಿದ್ದದ್ದು ಹೆಚ್ಚಾಗಿ ದೂರದರ್ಶನದ ಪೆಟ್ಟಿಗೆಯಲ್ಲಿ, ಅದರಲ್ಲಿಯೂ ಹಿಂದಿ ಮತ್ತು ಇಂಗ್ಲಿಷಿನ ವಿನೋದ ಧಾರಾವಾಹಿಗಳಲ್ಲಿ. ಅದೇ ವಯಸ್ಸಿನಲ್ಲಿ ಅವರ ಅಜ್ಜಿಯರಲ್ಲಿ ಅನೇಕರು ಸಂಸಾರ ಹೂಡಿ ಆಗಿತ್ತು. ಅಜ್ಜಂದಿರಲ್ಲಿ ಅನೇಕರು ಮುಂಬಯಿಯ ಹೋಟೆಲುಗಳಲ್ಲಿ ದುಡಿಯುತ್ತಿದ್ದರು. ಎರಡು ತಲೆಮಾರಿನೊಳಗೆ ಇಷ್ಟು ದೂರ ಹೇಗೆ ಉಂಟಾಯಿತು, ಆ ದೂರವನ್ನು ತುಂಬುವ ಕಥೆಯನ್ನು ಕನ್ನಡವೇ ಏಕೆ ಹೇಳಲಿಲ್ಲ ಎಂಬ ಪ್ರಶ್ನೆ ಹೊರನಾಡಿನ ಕನ್ನಡಿಗರಿಗೆ ಕೇವಲ ಮನರಂಜನೆಯದಲ್ಲ.

ಹದಿಹರೆಯವೆಂಬ ಮಾತು ಕನ್ನಡದಲ್ಲಿ ಉಂಟು. ಆ ಮಾತು ಸೂಚಿಸುವ ಬಿಡುವಿನ ವರ್ಷಗಳು, ಎಂದರೆ ಬಾಲ್ಯ ಕಳೆದು ವಿವಾಹ ಒದಗುವ ತನಕದ ಅವಧಿ, ಹಿಂದಿನ ಸಮಾಜದಲ್ಲಿ ಹೆಣ್ಣುಮಕ್ಕಳ ಪಾಲಿಗೆ ಹೆಚ್ಚುಕಡಿಮೆ ಇರಲೇ ಇಲ್ಲ. ಮೈಸೂರು ಸಂಸ್ಥಾನವು 1894ರಲ್ಲಿ ಶಿಶುವಿವಾಹವನ್ನು ನಿಷೇಧಿಸಿದಾಗ ತಡೆದದ್ದು ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನು. 1929ರಲ್ಲಿ ಅಂಗೀಕೃತವಾಗಿ ಮರುವರ್ಷ ಏಪ್ರಿಲ್ 1ರಿಂದ ಜಾರಿಗೆ ಬಂದ ಶಾರದಾ ಕಾಯಿದೆ ಹುಡುಗಿಗೆ 14, ಹುಡುಗನಿಗೆ 18 ಎಂದು ಗೊತ್ತುಮಾಡಿತು. 1978ರ ತಿದ್ದುಪಡಿಯಿಂದ ಅದು 18 ಮತ್ತು 21 ಆಯಿತು. ಎಂಟು, ಹದಿನಾಲ್ಕು, ಹದಿನೆಂಟು: ಈ ಮೂರು ಅಂಕಿಗಳ ಏರಿಕೆಯಲ್ಲಿಯೇ ಹದಿಹರೆಯವೆಂಬ ಅವಸ್ಥೆಯ ಹುಟ್ಟು ಅಡಗಿದೆ. ಕಾನೂನು ಒಂದು, ಆಚರಣೆ ಇನ್ನೊಂದು ಎಂಬುದನ್ನು ಒಪ್ಪಿದರೂ, ಹೈಸ್ಕೂಲಿನ ಮೆಟ್ಟಿಲು ಹತ್ತಿದ ಮನೆಗಳಲ್ಲಿ ಆಚರಣೆಯೂ ಬೇಗನೆ ಕಾನೂನಿನ ಹಿಂದೆ ನಡೆಯಿತು.

ಸಾಹಿತ್ಯ ಇದಕ್ಕೆ ಸಾಕ್ಷಿ ನುಡಿಯುತ್ತದೆ. ಕನ್ನಡಿಗರು ಪ್ರೇಮಕಾವ್ಯವೆಂದೊಡನೆ ನೆನೆಯುವ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ ಪ್ರಕಟವಾದದ್ದು 1942ರಲ್ಲಿ. ಅದರ ನಾಯಕಿ ಕದ್ದು ಮಾತಾಡುವ ಪ್ರೇಯಸಿಯಲ್ಲ, ಕೈಹಿಡಿದ ಹೆಂಡತಿ. ಅದರ ಭೂಗೋಲ ತವರುಮನೆ ಮತ್ತು ಮಾವನ ಮನೆಗಳ ನಡುವಣ ಹಾದಿ. ಇದನ್ನು ಕವಿಯ ಸಂಕೋಚವೆಂದು ತಿಳಿಯುವುದು ತಪ್ಪು. ಎಳೆಯ ಹೃದಯದ ನಾಚಿಕೆ, ಹುಸಿಮುನಿಸು, ಕಾತರಗಳೆಲ್ಲವೂ ಅಂದು ಮದುವೆಯ ಆಚೆಯ ದಡದಲ್ಲಿಯೇ ಅರಳತಕ್ಕವಾಗಿದ್ದವು. ಕವಿ ಇದ್ದುದನ್ನು ಇದ್ದಲ್ಲಿಯೇ ಕಂಡು ಹಾಡಿದರು.

ಹಾಗೆಂದು ಮದುವೆಗೆ ಮುಂಚಿನ ಒಡನಾಟದ ಒಲವು ಇರಲೇ ಇಲ್ಲವೆನ್ನಲಾಗದು. ಅದಕ್ಕೊಂದು ಮನೆ ಇತ್ತು. ಆ ಮನೆಯ ಹೆಸರು ಸೋದರಿಕೆ. ಅತ್ತೆಯ ಮಗ, ಮಾವನ ಮಗಳು, ಈ ಇಬ್ಬರು ಹುಟ್ಟಿದಂದಿನಿಂದ ಒಬ್ಬರನ್ನೊಬ್ಬರು ಬಲ್ಲರು, ರಜೆಯಲ್ಲಿ ಜತೆಗೂಡಿ ಆಡುವರು, ಹಿರಿಯರ ಕುಚೋದ್ಯಕ್ಕೆ ಕೆಂಪಾಗುವರು. ಇರಾವತಿ ಕರ್ವೆಯವರು 1953ರಲ್ಲಿ ಪ್ರಕಟಿಸಿದ ಭಾರತೀಯ ಬಂಧುತ್ವದ ಗ್ರಂಥದಲ್ಲಿ ತೋರಿಸಿಕೊಟ್ಟ ಭೇದ ಇಲ್ಲಿ ನೆನೆಯತಕ್ಕದ್ದು: ಉತ್ತರದಲ್ಲಿ ವಧು ಅಪರಿಚಿತರ ಮನೆಗೆ ಹೋಗುತ್ತಾಳೆ, ದಕ್ಷಿಣದಲ್ಲಿ ಬಲ್ಲವರ ಮನೆಗೆ. 1955ರ ಹಿಂದೂ ವಿವಾಹ ಕಾಯಿದೆಯೂ ನಿಷಿದ್ಧ ಸಂಬಂಧಗಳ ಪಟ್ಟಿಯಿತ್ತು, ರೂಢಿ ಇರುವಲ್ಲಿ ವಿನಾಯಿತಿ ಕೊಟ್ಟು ಈ ಬಳಕೆಯನ್ನು ಉಳಿಸಿತು. ಗೆಳತಿಯೇ ಪತ್ನಿಯಾಗುವ ಕಥೆ ಅಮೆರಿಕದ ಕಿರುತೆರೆಯಿಂದ ಬಂದ ಹೊಸ ಸರಕೆಂದು ಭಾವಿಸುವವರು ಇದನ್ನು ಮರೆತಿರುತ್ತಾರೆ. ಆ ಕಥೆ ಕನ್ನಡಕ್ಕೆ ಹಳೆಯದು. ಆದರೆ ಅದರಲ್ಲಿ ಗೆಳೆಯನಿಗೆ ‘ಬಾವ’ ಎಂದು ಹೆಸರು. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936)ಯಲ್ಲಿ ಸೀತೆ ಮನಸ್ಸಿಟ್ಟದ್ದು ಬಾಲ್ಯದಿಂದ ಬಲ್ಲ ಹೂವಯ್ಯನ ಮೇಲೆ. ಹಿರಿಯರು ಗೊತ್ತುಮಾಡಿದ್ದು ರಾಮಯ್ಯನನ್ನು. ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ಮುಕುಂದಯ್ಯ ಚಿನ್ನಮ್ಮರ ಒಲವಿನ ಬೇರೂ ಬಾಲ್ಯದ ಒಡನಾಟದಲ್ಲಿಯೇ ಇದೆ. ಅಲ್ಲಿನ ಸಂಕಟ, ಒಲಿಯಬಹುದೇ ಎಂಬುದಲ್ಲ. ನಂಟಿನೊಳಗೇ ಆಯ್ಕೆ ಯಾರದೆಂಬುದು.

ಇನ್ನು ಮುಂಬಯಿಗೆ ಬರಬಹುದು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ದಕ್ಷಿಣ ಕನ್ನಡದಿಂದ ಹಡಗಿನಲ್ಲಿಯೂ ಬಸ್ಸಿನಲ್ಲಿಯೂ ಬಂದಿಳಿದ ಹುಡುಗರಲ್ಲಿ ಅನೇಕರಿಗೆ ಮೀಸೆ ಮೂಡಿರಲಿಲ್ಲ. ಹಗಲಲ್ಲಿ ಹೋಟೆಲಿನ ಗ್ಲಾಸು ತೊಳೆದು, ರಾತ್ರಿ ಕನ್ನಡದ ರಾತ್ರಿಶಾಲೆಯಲ್ಲಿ ಅಕ್ಷರ ತಿದ್ದಿ ಮುಂದೆ ಬಂದವರ ಚರಿತ್ರೆಯನ್ನು ಈ ನಗರದ ಕನ್ನಡ ಸಂಸ್ಥೆಗಳು ಹೆಮ್ಮೆಯಿಂದ ದಾಖಲಿಸಿವೆ. ಅದು ಹೆಮ್ಮೆಗೆ ತಕ್ಕುದೇ ಸರಿ. ಆದರೆ ಆ ಚರಿತ್ರೆಯಲ್ಲಿ ಹರೆಯವೆಂಬುದಕ್ಕೆ ಒಂದು ಪುಟವಿಲ್ಲ. ಹನ್ನೆರಡಕ್ಕೆ ದುಡಿಮೆಗೆ ಹೂಡಿದವನಿಗೆ ಹದಿನಾರರಲ್ಲಿ ಮನಸ್ಸು ಚಂಚಲವಾಗಲು ಪುರುಸೊತ್ತೆಲ್ಲಿ? ಮಲಗುವ ಸ್ಥಳವೂ ಗಂಡಸರದು, ತರಗತಿಯೂ ಗಂಡಸರದು. ಊರಿನಿಂದ ಕಾಗದ ಬಂದಾಗ ರಜೆ ಪಡೆದು ಹೋಗಿ ಮದುವೆಯಾಗಿ ಬರುವುದಷ್ಟೇ ಅವನ ಪ್ರೇಮಪ್ರಕರಣ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘ ಮೊದಲಾದವು ಈ ತಲೆಮಾರಿಗೆ ನಾಟಕ, ಸಾಹಿತ್ಯ, ಹಬ್ಬ ಇಷ್ಟನ್ನೂ ಒದಗಿಸಿದವು. ಕಳೆದುಹೋದ ಹರೆಯವನ್ನು ಒದಗಿಸುವುದು ಯಾವ ಸಂಘಕ್ಕೂ ಸಾಧ್ಯವಿರಲಿಲ್ಲ.

ಖಾಡಿಯ ಆಚೆಯ ವಾಶಿ ಈ ಕಥೆಯಲ್ಲಿ ಬೇರೆಯದೇ ಅಧ್ಯಾಯ. ಸಿಡ್ಕೋ ಸಂಸ್ಥೆ ಸ್ಥಾಪಿತವಾದದ್ದು 1970ರ ಮಾರ್ಚಿಯಲ್ಲಿ. ಠಾಣೆ ಖಾಡಿಗೆ ಮೊದಲ ಸೇತುವೆ ಬಿದ್ದದ್ದು 1973ರಲ್ಲಿ. ಮಾನಖುರ್ದಿನಿಂದ ರೈಲು ವಾಶಿಗೆ ಮುಟ್ಟಿದ್ದು 1992ರ ಮೇ 9ರಂದು. ನವಿ ಮುಂಬಯಿ ಮಹಾನಗರಪಾಲಿಕೆ ಕಾರ್ಯಾರಂಭ ಮಾಡಿದ್ದೂ ಅದೇ ವರ್ಷ. ಬ್ಯಾಂಕಿನ ನೌಕರರು, ಕಾರ್ಖಾನೆಗಳ ಗುಮಾಸ್ತರು, ಸಣ್ಣ ಹೋಟೆಲುಗಳ ಮಾಲಿಕರು, ಸೆಕ್ಟರು ಸೆಕ್ಟರುಗಳಾಗಿ ಅಳೆದಿಟ್ಟ ಈ ಊರಿನಲ್ಲಿ ಎರಡು ಕೋಣೆಯ ಮನೆ ಕೊಂಡು ಮಕ್ಕಳನ್ನು ಇಂಗ್ಲಿಷ್ ಮಾಧ್ಯಮದ ಸಹಶಿಕ್ಷಣದ ಶಾಲೆಗೆ ಸೇರಿಸಿದರು. ಇದೇ ಊರನ್ನು ಕಟ್ಟಲು ಕಲಬುರಗಿ, ವಿಜಯಪುರಗಳ ಕಡೆಯಿಂದ ಕುಟುಂಬಸಮೇತ ಬಂದ ಕೂಲಿಯವರ ಮಕ್ಕಳ ಕನ್ನಡ ಬಾಲ್ಯ ಈ ಪ್ರಬಂಧದ ವ್ಯಾಪ್ತಿಯಿಂದ ಹೊರಗೆ ಉಳಿಯುತ್ತದೆ. ಕಿರುತೆರೆಯ ವ್ಯಾಪ್ತಿಯಿಂದಲೂ ಅದು ಹೊರಗೇ ಉಳಿದಿತ್ತೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ನ್ಯಾಯ.

ಹೊಸ ಮನೆಯ ಎದುರು ಬಾಗಿಲಲ್ಲಿ ಮರಾಠಿಗರು, ಮೇಲಂತಸ್ತಿನಲ್ಲಿ ಮಲೆಯಾಳಿಗಳು, ಕೆಳಗೆ ಗುಜರಾತಿಗಳು. ಮಕ್ಕಳು ನೆರೆಯವರನ್ನೆಲ್ಲ ‘ಅಂಕಲ್’, ‘ಆಂಟಿ’ ಎಂದು ಕರೆಯಲು ಕಲಿತರು. ಮೇಲ್ನೋಟಕ್ಕೆ ಸಣ್ಣದೆಂದು ತೋರುವ ಈ ಸಂಬೋಧನೆಯಲ್ಲಿ ಒಂದು ಸಾಮಾಜಿಕ ವ್ಯವಸ್ಥೆಯೇ ಕಳಚಿಬಿದ್ದಿದೆ. ಪಕ್ಕದ ಮನೆಯಾಕೆಯನ್ನು ‘ಅತ್ತೆ’ ಎಂದರೆ ಆಕೆಯ ಮಗ ಬಾವನಾಗುತ್ತಾನೆ. ‘ಚಿಕ್ಕಮ್ಮ’ ಎಂದರೆ ಅಣ್ಣನೋ ತಮ್ಮನೋ ಆಗುತ್ತಾನೆ. ಕನ್ನಡದ ನಂಟಿನ ಮಾತು ಬಾಯಿಗೆ ಬಂದೊಡನೆ ಯಾರಲ್ಲಿ ಸಲುಗೆ, ಯಾರಲ್ಲಿ ಮರ್ಯಾದೆ ಎಂಬುದು ನಿಶ್ಚಯವಾಗಿಬಿಡುತ್ತದೆ. ‘ಆಂಟಿ’ಯ ಮಗ ಏನೂ ಆಗುವುದಿಲ್ಲ, ಅವನು ಬರಿಯ ಗೆಳೆಯ. ಆ ಗೆಳೆತನ ಯಾವ ಕಡೆಗೂ ವಾಲಬಹುದು, ವಾಲದೆಯೂ ಇರಬಹುದು. ಹಿಂದಿ ಸೀಮೆಯವರು ಇಂಥ ಸಂದಿಗ್ಧವನ್ನು ರಾಖಿಯ ದಾರದಿಂದ ಕಟ್ಟಿಹಾಕುವ ಉಪಾಯ ಬಲ್ಲರು. ಕನ್ನಡ ಮನೆಗಳಿಗೆ ಆ ಹಬ್ಬವೂ ಹೊಸದಾಗಿತ್ತು. ಹೀಗೆ ಹಳೆಯ ನಕ್ಷೆ ಉಪಯೋಗಕ್ಕೆ ಬಾರದ ಸ್ಥಳಕ್ಕೆ ಮಕ್ಕಳು ಬಂದು ನಿಂತಾಗ ಮನೆಯ ಮೂಲೆಯಲ್ಲಿದ್ದ ಪೆಟ್ಟಿಗೆ ಬೇರೊಂದು ನಕ್ಷೆಯನ್ನು ಬಿಚ್ಚತೊಡಗಿತು.

ಮುಂಬಯಿ ದೂರದರ್ಶನ ಕೇಂದ್ರ 1972ರ ಅಕ್ಟೋಬರ್ 2ರಂದು ಆರಂಭವಾಯಿತು. 1980ರ ದಶಕದ ನಡುವಿನಲ್ಲಿ ಪ್ರಾಯೋಜಿತ ಧಾರಾವಾಹಿಗಳು ಬಂದಾಗ ವಿನೋದಕ್ಕೆ ದೊರೆತ ವಿಷಯ ದಾಂಪತ್ಯ. 1984ರ ‘ಯೇ ಜೋ ಹೈ ಜಿಂದಗಿ’ ಎಂಬ ಜನಪ್ರಿಯ ಧಾರಾವಾಹಿಯ ಕೇಂದ್ರದಲ್ಲಿದ್ದವರು ಗಂಡ ಹೆಂಡತಿ. ಇಲ್ಲಿಯೂ, ‘ಮೈಸೂರು ಮಲ್ಲಿಗೆ’ಯಂತೆಯೇ, ನಗುವಿಗೆ ಮೊದಲು ಮಾಂಗಲ್ಯ ಬೇಕಾಗಿತ್ತು!

ಬಾಲ್ಯವನ್ನೇ ವಸ್ತುವಾಗಿ ಹಿಡಿದು ಕನ್ನಡ ನೆಲದಿಂದ ದೇಶಕ್ಕೆಲ್ಲ ಹೋದ ಮೊದಲ ದೊಡ್ಡ ಕೃತಿ ‘ಮಾಲ್ಗುಡಿ ಡೇಸ್’. ಹೊನ್ನಾವರದ ಕಡೆ ಹುಟ್ಟಿ, ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ಪಳಗಿ, ಬೆಂಗಳೂರಿಗೆ ಬಂದ ಶಂಕರ್ ನಾಗ್ ಅದರ ನಿರ್ದೇಶಕರು, ಟಿ. ಎಸ್. ನರಸಿಂಹನ್ ನಿರ್ಮಾಪಕರು, ಚಿತ್ರೀಕರಣದ ಮುಖ್ಯ ನೆಲೆ ಆಗುಂಬೆ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ತಂದೆಯಾಗಿ ಗಿರೀಶ ಕಾರ್ನಾಡರು ನಟಿಸಿದರು, ಆರ್. ಕೆ. ಲಕ್ಷ್ಮಣರ ರೇಖೆಗಳು, ಎಲ್. ವೈದ್ಯನಾಥನ್ ಅವರ ಸಂಗೀತ ಕೂಡಿಕೊಂಡವು. ಇಷ್ಟೆಲ್ಲ ಕನ್ನಡದ ಕೈಗಳಿದ್ದರೂ ಧಾರಾವಾಹಿಯ ಮಾತು ಹಿಂದಿ. ಕೆಲವು ಕಂತುಗಳು ಇಂಗ್ಲಿಷಿನಲ್ಲಿಯೂ ತಯಾರಾದವು. ವಾಶಿಯ ಕನ್ನಡ ಮನೆಗಳು ಸ್ವಂತ ಮಲೆನಾಡನ್ನು ಪರಭಾಷೆಯಲ್ಲಿ ನೋಡಿ ಆನಂದಪಟ್ಟವು.

ಪ್ರಸ್ತುತ ವಿಷಯಕ್ಕೆ ಹೆಚ್ಚು ಮುಖ್ಯವಾದ ಸಂಗತಿ ಮತ್ತೊಂದಿದೆ. ಸ್ವಾಮಿಯ ಶಾಲಾಪ್ರಪಂಚದಲ್ಲಿ ಹುಡುಗಿಯಿಲ್ಲ. ಆರ್. ಕೆ. ನಾರಾಯಣರ ಮೂಲ ಕಾದಂಬರಿ ಪ್ರಕಟವಾದದ್ದು 1935ರಲ್ಲಿ. ಅದರ ಆಲ್ಬರ್ಟ್ ಮಿಷನ್ ಶಾಲೆ ಹುಡುಗರ ಶಾಲೆ. ಆದರೆ ಮೋಹವಿಲ್ಲವೆಂದು ಯಾರು ಹೇಳಬಲ್ಲರು? ಪೋಲೀಸ್ ಅಧಿಕಾರಿಯ ಮಗನಾದ ರಾಜಮ್ ತರಗತಿಗೆ ಬಂದಂದಿನಿಂದ ಸ್ವಾಮಿಗೆ ಅವನ ಉಡುಪು, ಅವನ ಇಂಗ್ಲಿಷು, ಅವನ ಮನೆ ಎಲ್ಲವೂ ಬೆರಗು. ಮೊದಲು ಹಗೆ, ಬಳಿಕ ಸಖ್ಯ. ಅವನು ಮನೆಗೆ ಬರುವ ದಿನ ಸಡಗರ. ಅವನ ಒಂದು ಮಾತಿಗಾಗಿ ಕಾತರ. ಕೊನೆಗೆ ಅವನು ಊರು ಬಿಡುವ ರೈಲುನಿಲ್ದಾಣದಲ್ಲಿ ತಡೆಯಲಾರದ ದುಃಖ. ಮುಂದಿನ ಕಾಲದ ಧಾರಾವಾಹಿಗಳು ಹುಡುಗ ಹುಡುಗಿಯರ ನಡುವೆ ಇಟ್ಟು ತೋರಿದ ಹಂತಗಳೆಲ್ಲವೂ ಇಲ್ಲಿ ಇಬ್ಬರು ಹುಡುಗರ ಗೆಳೆತನದಲ್ಲಿ ಒಂದೊಂದಾಗಿ ಬಂದುಹೋಗುತ್ತವೆ. ಹರೆಯದ ಹೊಸ್ತಿಲಲ್ಲಿ ಸ್ನೇಹಕ್ಕೂ ಒಲವಿಗೂ ನಡುವಣ ಗೋಡೆ ಎಷ್ಟು ತೆಳುವಾದುದೆಂಬುದನ್ನು ನಾರಾಯಣರು ಯಾವ ಸದ್ದೂ ಮಾಡದೆ ತೋರಿಸಿದ್ದರು; ಶಂಕರ್ ನಾಗ್ ಅದನ್ನು ಕೆಡಿಸದೆ ತೆರೆಗೆ ತಂದರು.

1990ರ ದಶಕದ ಆದಿಯಲ್ಲಿ ಉಪಗ್ರಹ ವಾಹಿನಿಗಳು ಬಂದವು. ಸ್ಟಾರ್ ಜಾಲದ ಮೂಲಕ ಬಂದ ಅಮೆರಿಕದ ‘ದ ವಂಡರ್ ಇಯರ್ಸ್’ (1988–1993) ಈ ಪ್ರಕಾರದ ಆದರ್ಶಕೃತಿ ಎನ್ನತಕ್ಕದ್ದು. ಅದರ ರಚನೆ ಸರಳ. ನಡುವಯಸ್ಸಿಗೆ ಬಂದ ಕೆವಿನ್ ಅರ್ನಾಲ್ಡ್ ತನ್ನ ಹನ್ನೆರಡರಿಂದ ಹದಿನೇಳರ ತನಕದ ವರ್ಷಗಳನ್ನು ನೆನೆದು ಹೇಳುತ್ತಾನೆ. ತೆರೆಯ ಮೇಲೆ ಹುಡುಗನೊಬ್ಬ ತೊದಲುತ್ತಾನೆ, ಬೆವರುತ್ತಾನೆ. ಹಿರಿಯನ ಧ್ವನಿಗೆ ಎಲ್ಲವೂ ತಿಳಿದಿದೆ, ಕಿರಿಯನ ಮುಖಕ್ಕೆ ಏನೂ ತಿಳಿದಿಲ್ಲ. ನಗು ಹುಟ್ಟುವುದು ಈ ಅಂತರದಲ್ಲಿ. ನೆರೆಯ ವಿನ್ನಿ ಕೂಪರ್ ಅವನ ಬಾಲ್ಯದ ಒಡನಾಡಿ. ಪಾಲ್ ಎಂಬ ಆಪ್ತಮಿತ್ರ ಮೂರನೆಯವನು. ಮೊದಲ ಕಂತಿನಲ್ಲಿಯೇ ವಿನ್ನಿಯ ಅಣ್ಣ ವಿಯಟ್ನಾಮಿನ ಯುದ್ಧದಲ್ಲಿ ಸತ್ತ ಸುದ್ದಿ ಬರುತ್ತದೆ, ಆ ಸಂಜೆಯೇ ಇವರ ಮೊದಲ ಮುತ್ತು. ವಿನೋದಕ್ಕೆ ಇಷ್ಟು ಭಾರ ಹೊರಿಸಿಯೂ ಅದನ್ನು ಕುಸಿಯಗೊಡದ ಕೌಶಲ ಅಪೂರ್ವ. ಕೊನೆಯ ಕಂತಿನಲ್ಲಿ ಅವರಿಬ್ಬರೂ ಮದುವೆಯಾಗುವುದಿಲ್ಲ. ವಿನ್ನಿ ಕಲೆಯ ಇತಿಹಾಸ ಓದಲು ಪ್ಯಾರಿಸಿಗೆ ಹೋಗುತ್ತಾಳೆ. ಎಂಟು ವರ್ಷ ವಾರವಾರವೂ ಕಾಗದ ನಡೆಯುತ್ತದೆ. ಮರಳಿ ಬಂದವಳನ್ನು ಎದುರುಗೊಳ್ಳಲು ಕೆವಿನ್ ತನ್ನ ಹೆಂಡತಿ ಮತ್ತು ಮಗುವಿನೊಡನೆ ಬರುತ್ತಾನೆ. ಮೊದಲ ಒಲವು ನಿಜ, ಅದರ ಗುರಿ ಮದುವೆಯೇ ಆಗಬೇಕಿಲ್ಲ ಎಂಬ ಈ ಮುಕ್ತಾಯ ಸೋದರಿಕೆಯ ಮನೆಯಿಂದ ಬಂದವರಿಗೆ ನಿಜವಾಗಿಯೂ ಹೊಸದು. ಅದೇ ದೇಶದ ‘ಬಾಯ್ ಮೀಟ್ಸ್ ವರ್ಲ್ಡ್’ (1993–2000) ಬಾಲ್ಯದ ಗೆಳತಿಯನ್ನೇ ವಧುವಾಗಿಸಿ ಮುಗಿದದ್ದು ಗಮನಾರ್ಹ. ಹೃದಯಕ್ಕೆ ಹಿತವಾದರೂ ಕಲೆಯ ತೂಕದಲ್ಲಿ ಅದು ಕೆಳಗೆ ನಿಲ್ಲುತ್ತದೆ.

ಹಿಂದಿಯಲ್ಲಿ ಸೋನಿ ವಾಹಿನಿಯ ‘ಜಸ್ಟ್ ಮೊಹಬ್ಬತ್’ (1996–2000) ಜಯ್ ಎಂಬ ಹುಡುಗನನ್ನು ಬಾಲ್ಯದಿಂದ ತಾರುಣ್ಯದ ತನಕ ಬೆಳೆಸಿತು. ಅವನ ಆಪ್ತಮಿತ್ರ ಗೌತಮ್ ಅವನ ಕಲ್ಪನೆಯಲ್ಲಿ ಮಾತ್ರ ಇರುವವನು. ಒಂಟಿ ಮಕ್ಕಳ ಬಹುಮಹಡಿ ಯುಗಕ್ಕೆ ಇದಕ್ಕಿಂತ ತಕ್ಕ ಗೆಳೆಯ ಸಿಕ್ಕಲಾರನು. ಝೀ ವಾಹಿನಿಯಲ್ಲಿ 1998ರಿಂದ 2001ರ ವರೆಗೆ ಬಂದ ‘ಹಿಪ್ ಹಿಪ್ ಹುರ್ರೇ’ ಡಿನೋಬಿಲಿ ಎಂಬ ಸಹಶಿಕ್ಷಣದ ಶಾಲೆಯ ಹನ್ನೆರಡನೆಯ ತರಗತಿಯ ಕಥೆ. ನೂಪುರ್ ಅಸ್ಥಾನಾ ನಿರ್ದೇಶಿಸಿದರು. ಅಲ್ಲಿ ಪರೀಕ್ಷೆ, ಪುಂಡಾಟ, ಒಬ್ಬರ ಮೇಲೊಬ್ಬರ ಗುಟ್ಟಿನ ಮೋಹ, ಗೆಳತಿಯರ ನಡುವಿನ ಮತ್ಸರ ಇವೆಲ್ಲವೂ ಹಿಂದಿ ಇಂಗ್ಲಿಷು ಬೆರೆತ, ಮುಂಬಯಿಯ ಮಕ್ಕಳು ನಿಜವಾಗಿ ಆಡುವ ಮಾತಿನಲ್ಲಿ ಬಂದವು. ಅದೇ 1998ರ ಅಕ್ಟೋಬರಿನಲ್ಲಿ ‘ಕುಛ್ ಕುಛ್ ಹೋತಾ ಹೈ’ ಚಲನಚಿತ್ರ ಗೆಳೆತನವೇ ಪ್ರೇಮವೆಂಬ ಸೂತ್ರವನ್ನು ದೇಶದ ಬಾಯಿಪಾಠ ಮಾಡಿಸಿತು. ಆ ಚಿತ್ರದಲ್ಲಿ ಗಂಡುಡುಗೆಯ ಗೆಳತಿ ಸೀರೆಯುಟ್ಟ ಮೇಲೆಯೇ ನಾಯಕನಿಗೆ ಪ್ರೇಮದ ಅರಿವಾಗುತ್ತದೆ ಎಂಬುದು ಸೂತ್ರದ ದೌರ್ಬಲ್ಯವನ್ನು ಸಾಕಷ್ಟು ಹೇಳುತ್ತದೆ.

ಈ ವಿನೋದಗಳೆಲ್ಲವೂ ಒಂದು ವಿಷಯದಲ್ಲಿ ಮೌನವಾಗಿದ್ದವು. ಡಿನೋಬಿಲಿ ಶಾಲೆಯ ಮಕ್ಕಳ ಪ್ರಪಂಚದಲ್ಲಿ ಜಾತಿಯ ಪ್ರಶ್ನೆ ತಲೆಯೆತ್ತುವುದಿಲ್ಲ. ಇದ್ದಿದ್ದರೆ ನಗು ಅಷ್ಟು ಸಲೀಸಾಗಿ ಬರುತ್ತಿರಲಿಲ್ಲ. ಆ ಮೌನ ಒಡೆದದ್ದು ಮರಾಠಿಯಲ್ಲಿ, ಅದೂ ಬೆಳ್ಳಿತೆರೆಯಲ್ಲಿ. ಮಿಲಿಂದ ಬೋಕೀಲರ ‘ಶಾಳಾ’ ಕಾದಂಬರಿ (2004) ತುರ್ತುಪರಿಸ್ಥಿತಿಯ ಕಾಲದ ಒಂಬತ್ತನೆಯ ತರಗತಿಯ ಹುಡುಗನೊಬ್ಬನ ಮೌನಪ್ರೇಮವನ್ನು ಹೇಳಿ ಪ್ರಸಿದ್ಧವಾಗಿತ್ತು. ನಾಗರಾಜ ಮಂಜುಳೆಯವರ ‘ಫ್ಯಾಂಡ್ರಿ’ (2013)ಯಲ್ಲಿ ದಲಿತ ಹುಡುಗ ಜಬ್ಯಾ ಮೇಲ್ಜಾತಿಯ ಸಹಪಾಠಿ ಶಾಲೂವನ್ನು ದೂರದಿಂದ ನೋಡುತ್ತಾನೆ. ಅವಳ ಕಣ್ಣೆದುರೇ ಹಂದಿ ಹಿಡಿಯಬೇಕಾಗಿ ಬರುವುದು ಅವನ ಪ್ರೇಮಕಥೆಯ ಶಿಖರ. ಅವರದೇ ‘ಸೈರಾಟ್’ (2016) ಮರುವರ್ಷ ಕನ್ನಡಕ್ಕೆ ‘ಮನಸು ಮಲ್ಲಿಗೆ’ ಎಂಬ ಹೆಸರಿನಿಂದ ಬಂತು. 1942ರ ಮಲ್ಲಿಗೆಗೂ 2017ರ ಮಲ್ಲಿಗೆಗೂ ನಡುವೆ ಎಷ್ಟು ನೆತ್ತರು ಹರಿದಿದೆಯೆಂಬುದನ್ನು ಚಿತ್ರ ನೋಡಿದವರಿಗೆ ವಿವರಿಸಬೇಕಿಲ್ಲ.

ಇಷ್ಟರ ನಡುವೆ ಕನ್ನಡದ ಕಿರುತೆರೆ ಏನು ಮಾಡುತ್ತಿತ್ತು? ಉದಯ ವಾಹಿನಿ 1994ರಲ್ಲಿ, ಈಟೀವಿ ಕನ್ನಡ 2000ದಲ್ಲಿ, ಝೀ ಕನ್ನಡ 2006ರಲ್ಲಿ ಆರಂಭವಾದವು. ಹೊರನಾಡಿನ ಮನೆಗಳಿಗೂ ಕನ್ನಡದ ಧ್ವನಿ ಬಂತು. ಆದರೆ ಅವುಗಳ ಧಾರಾವಾಹಿಗಳ ರಾಜ್ಯ ನಡುಮನೆ ಮತ್ತು ಅಡುಗೆಮನೆ. ಅತ್ತೆ ಸೊಸೆಯರು ಅದರ ದೊರೆಗಳು. ಹದಿನಾರರ ಹುಡುಗಿ ಅಲ್ಲಿ ಬಂದರೂ ಯಾರದೋ ನಾದಿನಿಯಾಗಿ ಬಂದಳು. ಪರಿಣಾಮವಾಗಿ ವಾಶಿಯ ಮನೆಯೊಂದರಲ್ಲಿ ತಾಯಿ ಕನ್ನಡದಲ್ಲಿ ಸಂಸಾರವನ್ನು, ಮಗಳು ಹಿಂದಿಯಲ್ಲಿ ಸ್ನೇಹವನ್ನು ನೋಡುವ ವ್ಯವಸ್ಥೆ ಏರ್ಪಟ್ಟಿತು. ಕನ್ನಡ ಹಿರಿಯರ ಭಾಷೆ, ಊರಿನ ಭಾಷೆ, ಪೂಜೆಯ ಮತ್ತು ಬೈಗುಳದ ಭಾಷೆಯಾಗಿ ಉಳಿಯಿತು, ಗುಟ್ಟಿನ ಭಾಷೆಯಾಗಲಿಲ್ಲ. ಹೊರನಾಡಿನಲ್ಲಿ ಒಂದು ನುಡಿ ಮನೆಯೊಳಗಿದ್ದೂ ಸೊರಗುವ ಬಗೆ ಇದು. ಮುಂಬಯಿಯ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿದುದನ್ನು ಕುರಿತು ಸಂಘಗಳಲ್ಲಿ ನಡೆದ ಚರ್ಚೆಗಳು ಪಠ್ಯಪುಸ್ತಕ, ಅಧ್ಯಾಪಕರು, ಅನುದಾನ ಎನ್ನುತ್ತವೆ, ಅವೆಲ್ಲ ಬೇಕಾದುವೇ. ಶಾಲೆ ಮುಚ್ಚಿದಾಗ ಹದಿನಾಲ್ಕರ ಹುಡುಗನೊಬ್ಬ ಕನ್ನಡದಲ್ಲಿ ಚೀಟಿ ಬರೆಯಬಹುದಾಗಿದ್ದ ಒಂದೇ ಸ್ಥಳವೂ ಮುಚ್ಚಿತೆಂಬುದನ್ನು ಆ ಚರ್ಚೆಗಳು ಎಣಿಸುವುದಿಲ್ಲ.

ಆ ಲೆಕ್ಕವನ್ನು ಹಿಡಿದದ್ದು ಇನ್ನೊಂದು ಗಡಿಯ ಕಥೆ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಕಾಸರಗೋಡು ಅದರ ನೆಲೆ. ರಿಷಬ್ ಶೆಟ್ಟರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ 2018ರ ಆಗಸ್ಟ್ 24ರಂದು ತೆರೆಕಂಡಿತು. ಚಲನಚಿತ್ರವಾದರೂ ಅದರ ಧಾಟಿ ಈ ಪ್ರಬಂಧದ ವಸ್ತುವಾದ ವಿನೋದಗಳದೇ: ತುಂಟ ಗೆಳೆಯರ ಗುಂಪು, ಆಪ್ತಮಿತ್ರ ಮಮ್ಮುಟ್ಟಿ, ಪ್ರವೀಣನೆಂಬ ಹುಡುಗನಿಗೆ ಪಲ್ಲವಿಯೆಂಬ ಸಹಪಾಠಿಯ ಮೇಲೆ ಹೇಳಲಾಗದ ಮೋಹ. ಕನ್ನಡ ಶಾಲೆಗೆ ಮಲೆಯಾಳದ ಗಣಿತದ ಮಾಸ್ತರರು ಬರುತ್ತಾರೆ, ಶಾಲೆ ಮುಚ್ಚುವ ಹುನ್ನಾರ ನಡೆಯುತ್ತದೆ. ನೆರವು ಬೇಡಿ ಮೈಸೂರಿಗೆ ಹೋದ ಮಕ್ಕಳು ಹೆಸರಿನ ಗೊಂದಲದಿಂದ ಬೇರೊಬ್ಬ ಅನಂತಪದ್ಮನಾಭರನ್ನು ಕರೆತರುತ್ತಾರೆ. ಆ ಪಾತ್ರದಲ್ಲಿ ನಟಿಸಿದವರು ಅನಂತ್ ನಾಗ್. ಮೂರು ದಶಕಗಳ ಹಿಂದೆ ತಮ್ಮ ಶಂಕರ್ ನಾಗರ ಮಾಲ್ಗುಡಿಯಲ್ಲಿಯೂ ಅವರು ಕಾಣಿಸಿಕೊಂಡಿದ್ದರು. ಚಿತ್ರದಲ್ಲಿ ನ್ಯಾಯಾಲಯದ ಭಾಗ ಸ್ವಲ್ಪ ಭಾಷಣಕ್ಕೆ ತಿರುಗುತ್ತದೆಂಬ ಆಕ್ಷೇಪ ಸಲ್ಲುವಂಥದೇ. ಅದರ ಜೀವ ಇರುವುದು ಭಾಷಣದಲ್ಲಲ್ಲ. ಶಾಲೆ ಮುಚ್ಚಿದರೆ ಪ್ರವೀಣನ ಪಾಲಿಗೆ ಮುಚ್ಚುವುದು ಪಲ್ಲವಿ ಕುಳಿತಿರುವ ತರಗತಿ. ಹುಡುಗರಿಗೆ ನಾಡುನುಡಿಯ ಪ್ರಶ್ನೆ ತಟ್ಟುವುದು ಆ ಬೆಂಚಿನ ದಾರಿಯಿಂದ. ಚಿತ್ರಕ್ಕೆ ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು.

ಈಚೆಗೆ ವಾಶಿ, ಠಾಣೆ, ಡೊಂಬಿವಲಿಗಳ ಕನ್ನಡ ಮನೆಗಳಲ್ಲಿ, ಬೆಂಗಳೂರಿನಲ್ಲಿಯೂ ಅಷ್ಟೇ, ಎಳೆಯರ ಬಾಯ ಮಾತು ‘ಕ್ರಷ್’. ಶುದ್ಧ ಕನ್ನಡದ ಅಭಿಮಾನಿಗಳಿಗೆ ಇದು ಕಿವಿಗೆ ಕಲ್ಲು. ಆದರೆ ವಾಕ್ಯವನ್ನು ಪೂರ್ತಿಯಾಗಿ ಕೇಳಬೇಕು: ‘ಅವಳಿಗೆ ಅವನ ಮೇಲೆ ಕ್ರಷ್ ಆಗಿದೆ.’ ಹಿರಿಯರು ಇಂಥಲ್ಲಿ ‘ಅವಳಿಗೆ ಅವನ ಮೇಲೆ ಮನಸ್ಸಾಗಿದೆ’ ಎನ್ನುತ್ತಿದ್ದರು. ಇಂಗ್ಲಿಷಿನಲ್ಲಿ ಅದು ಒಬ್ಬಳು ಹೊಂದಿರುವ ವಸ್ತು. ಕನ್ನಡದಲ್ಲಿ ಜ್ವರದಂತೆ, ಹಸಿವಿನಂತೆ, ನೆನಪಿನಂತೆ ಅವಳಿಗೆ ತಾನಾಗಿ ಆಗುವಂಥದು. ಪದವೊಂದು ಪರದೇಶದ್ದು, ಚತುರ್ಥೀ ವಿಭಕ್ತಿಯೂ ‘ಆಗಿದೆ’ ಎಂಬ ಕ್ರಿಯೆಯೂ ಇನ್ನೂ ಮನೆಯವೇ.